ಕೊನೆಯ ಮೂರು ಮಿಲಿಮೀಟರ್: ರೂಟ್ ಕೆನಾಲ್ ತೊಳೆಯುವ ಲೆಕ್ಕ

ಕಣ್ಣಿಗೆ ಬಿಡುವ ಔಷಧದ ಒಂದು ಹನಿ ಎಂದರೆ ಸುಮಾರು 50 ಮೈಕ್ರೋಲೀಟರ್. ಅಂಥ 20 ಹನಿ ಸೇರಿದರೆ ಒಂದು ಮಿಲಿಲೀಟರ್. ದವಡೆ ಹಲ್ಲಿನ ಬೇರಿನೊಳಗೆ ಫೈಲ್ ಎಂಬ ಸಣ್ಣ ಲೋಹದ ಅರ ಆಡಿಸಿ ಹದಗೊಳಿಸಿದ ನಾಳದ ಕೊನೆಯ 3 ಮಿಲಿಮೀಟರ್‌ನಲ್ಲಿ ಹಿಡಿಯುವ ದ್ರವ ಬರೀ 0.28 ಮೈಕ್ರೋಲೀಟರ್. ಒಂದು ಹನಿಯನ್ನು 180 ಪಾಲು ಮಾಡಿ ಅದರಲ್ಲಿ ಒಂದು ಪಾಲು ತೆಗೆದುಕೊಂಡಂತೆ. ರೂಟ್ ಕೆನಾಲ್ ಮಾಡಿಸಿಕೊಂಡ ಹಲ್ಲು ಹತ್ತಾರು ವರ್ಷ ಬಾಳುತ್ತದೆಯೇ, ಎರಡೇ ವರ್ಷಕ್ಕೆ ಮತ್ತೆ ಕೀವು ಕಟ್ಟುತ್ತದೆಯೇ ಎಂಬುದರಲ್ಲಿ ಈ ಒಂದು ಪಾಲಿನ ಪಾತ್ರ ದೊಡ್ಡದು. ಅದು ಅಲ್ಲಿಯವರೆಗೆ ಹೋಯಿತೇ, ಹೋದದ್ದು ಹಳಸುವ ಮುನ್ನ ಹೊಸದು ಬಂದು ಸೇರಿತೇ ಎಂಬುದೇ ಇಡೀ ಬರಹದ ಪ್ರಶ್ನೆ.

ಹಲ್ಲು ನೋವೆಂದು ಹೋದವರು ಮನೆಗೆ ಬಂದು ಹೇಳುವುದು "ನರ ತೆಗೆದು ಸಿಮೆಂಟ್ ತುಂಬಿದ್ರು" ಎಂದು. ತೆಗೆಯುವುದು, ತುಂಬುವುದು ಇವೆರಡೇ ನೆನಪಿನಲ್ಲಿ ಉಳಿಯುತ್ತವೆ. ನಡುವೆ ನಡೆಯುವ ತೊಳೆಯುವ ಕೆಲಸ ಯಾರ ಬಾಯಲ್ಲೂ ಬರುವುದಿಲ್ಲ, ಬಿಲ್ಲಿನಲ್ಲೂ ಅದಕ್ಕೆ ಬೇರೆ ಸಾಲಿಲ್ಲ. ಆದರೆ ಸೋಂಕು ತೆಗೆಯುವ ಕೆಲಸದ ದೊಡ್ಡ ಪಾಲು ಈ ತೊಳೆಯುವಿಕೆಯದೇ. ಹಾಗಾಗಿ ಅದರ ಅಳತೆ, ಹೊತ್ತು, ಹಣ ಮೂರನ್ನೂ ಇಲ್ಲಿ ಕೂಡಿಸಿ ಕಳೆದು ನೋಡಿದ್ದೇನೆ.

ಮೊದಲು ಜಾಗದ ಅಳತೆ. ಬೆಳೆದ ಮನುಷ್ಯನ ಒಂದು ಹಲ್ಲಿನೊಳಗಿನ ತಿರುಳು, ಜನ ನರ ಎನ್ನುವ ಮೆತ್ತನೆಯ ಭಾಗ, ಸರಾಸರಿ 0.02 ಘನ ಸೆಂಟಿಮೀಟರ್ ಎಂದು ದಂತ ಅಂಗರಚನೆಯ ಪಠ್ಯಗಳು ಹೇಳುತ್ತವೆ. ಬಾಯಿಯ 32 ಹಲ್ಲಿನ ತಿರುಳನ್ನೂ ಒಟ್ಟು ಮಾಡಿದರೂ ಅರ್ಧ ಚಮಚವೂ ಇಲ್ಲ. ಕೆಳದವಡೆಯ ಮೊದಲ ದೊಡ್ಡ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ಅಥವಾ ನಾಲ್ಕು ನಾಳ. ಮೇಲ್ದವಡೆಯ ಮೊದಲ ದೊಡ್ಡ ಹಲ್ಲಿಗೆ ಮೂರು ಬೇರು; ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ನಾಲ್ಕನೆಯ ನಾಳವೂ ಅಡಗಿರುತ್ತದೆ.

ಒಂದು ನಾಳವನ್ನು 25ರ ಫೈಲ್‌ವರೆಗೆ, 6% ಟೇಪರ್‌ಗೆ ಹದ ಮಾಡಿದ್ದಾರೆ ಎನ್ನಿ. ತುದಿಯಲ್ಲಿ ಅದರ ಅಗಲ 0.25 ಮಿ.ಮೀ.; ಮೇಲಕ್ಕೆ ಬಂದಂತೆ ಪ್ರತಿ ಮಿಲಿಮೀಟರ್‌ಗೆ 0.06 ಮಿ.ಮೀ. ಹಿಗ್ಗುತ್ತದೆ. 16 ಮಿ.ಮೀ. ಮೇಲೆ ನಾಳದ ಬಾಯಿಯ ಹತ್ತಿರ ಅದು 1.21 ಮಿ.ಮೀ. ಶಾಲೆಯಲ್ಲಿ ಕಲಿತ ಶಂಕುವಿನ ಸೂತ್ರ ಹಾಕಿದರೆ ನಾಳದ ಒಟ್ಟು ಹಿಡಿತ 7.7 ಮೈಕ್ರೋಲೀಟರ್. ಟೇಪರ್ 4% ಆದರೆ 4.5 ಮೈಕ್ರೋಲೀಟರ್. ನಾಲ್ಕು ನಾಳವೂ ಸೇರಿ 18ರಿಂದ 31 ಮೈಕ್ರೋಲೀಟರ್. ಒಂದು ಹನಿಯೂ ತುಂಬುವುದಿಲ್ಲ. ನಿಜವಾದ ನಾಳ ಶಂಕುವಿನಷ್ಟು ನೇರವಲ್ಲ, ದುಂಡಗೂ ಇಲ್ಲ. ಆದರೂ ಅಳತೆಯ ಅಂದಾಜಿಗೆ ಇಷ್ಟು ಸಾಕು.

ಇಷ್ಟು ಕಿರಿದಾದ ಜಾಗವನ್ನು ಫೈಲ್‌ನಿಂದಲೇ ಉಜ್ಜಿ ಮುಗಿಸಬಾರದೇಕೆ? ಆಗದು. 2001ರಲ್ಲಿ ಓವ್ ಪೀಟರ್ಸ್ ಮತ್ತು ಸಂಗಡಿಗರು ಕಿತ್ತ ಹಲ್ಲುಗಳನ್ನು ಮೈಕ್ರೋ-ಸಿಟಿ ಸ್ಕ್ಯಾನ್‌ನಲ್ಲಿ ಫೈಲ್ ಆಡಿಸುವ ಮೊದಲು ಮತ್ತು ನಂತರ ನೋಡಿದರು. ಯಾವ ಬಗೆಯ ಫೈಲ್ ಬಳಸಿದರೂ ನಾಳದ ಗೋಡೆಯ 35% ಅಥವಾ ಅದಕ್ಕಿಂತ ಹೆಚ್ಚು ಭಾಗಕ್ಕೆ ಲೋಹ ತಾಗಿಯೇ ಇರಲಿಲ್ಲ. ಮೇಲೆ ಹೇಳಿದ ಶಂಕುವಿನ ಗೋಡೆ ಸುಮಾರು 36.7 ಚದರ ಮಿ.ಮೀ.; ಅದರ 35% ಎಂದರೆ 12.8 ಚದರ ಮಿ.ಮೀ. ಅಷ್ಟು ಜಾಗವನ್ನು ದ್ರವವೇ ನೋಡಿಕೊಳ್ಳಬೇಕು. ಅದಲ್ಲದೆ ನಾಳದಿಂದ ಪಕ್ಕಕ್ಕೆ ಒಡೆಯುವ ಕವಲುಗಳಿವೆ: 1975ರಲ್ಲಿ ಡಿ ಡ್ಯೂಸ್ 1,140 ಹಲ್ಲುಗಳನ್ನು ಪರೀಕ್ಷಿಸಿದಾಗ 27.4% ಹಲ್ಲುಗಳಲ್ಲಿ ಅವು ಕಂಡವು, ಹೆಚ್ಚಿನವು ಬೇರಿನ ತುದಿಯ ಕಡೆಗೇ. ಕೆಳದವಡೆ ಹಲ್ಲಿನ ಮುಂಬೇರಿನಲ್ಲಿ ಎರಡು ನಾಳಗಳ ನಡುವೆ ಕಾಗದದಂಥ ತೆಳು ಸಂದು ಇರುತ್ತದೆ. ಇನ್ನು ಗೋಡೆಯೊಳಗಿನ ಸೂಕ್ಷ್ಮ ಕೊಳವೆಗಳು. ತಿರುಳಿನ ಹತ್ತಿರ ಅವುಗಳ ಅಗಲ ಸುಮಾರು 2.5 ಮೈಕ್ರೋಮೀಟರ್, ಒಂದು ಚದರ ಮಿಲಿಮೀಟರ್‌ನಲ್ಲಿ 45,000ಕ್ಕೂ ಹೆಚ್ಚು. ಬ್ಯಾಕ್ಟೀರಿಯಾ ಆರಾಮಾಗಿ ನುಸುಳುವ ಅಗಲ ಅದು.

ಬರೀ ಉಪ್ಪುನೀರು ಹಾಕಿ ಫೈಲ್ ಆಡಿಸಿದರೆ ಎಷ್ಟು ಪ್ರಯೋಜನ ಎಂಬುದಕ್ಕೆ ಹಳೆಯ ಅಂಕಿಯೊಂದಿದೆ. ಸ್ವೀಡನ್ನಿನ ಬೈಸ್ಟ್ರಮ್ ಮತ್ತು ಸುಂಡ್‌ಕ್ವಿಸ್ಟ್ 1981ರಲ್ಲಿ ತೋರಿಸಿದಂತೆ ಬ್ಯಾಕ್ಟೀರಿಯಾ ಸಂಖ್ಯೆ 100ರಿಂದ 1,000 ಪಟ್ಟು ಇಳಿಯುತ್ತದೆ. ಕೇಳಲು ದೊಡ್ಡದಾಗಿದೆ. ಆದರೆ ಶುರುವಿಗೆ ಹತ್ತು ಲಕ್ಷ ಇದ್ದರೆ ಸಾವಿರ ಪಟ್ಟು ಇಳಿದ ಮೇಲೂ ಸಾವಿರ ಉಳಿಯುತ್ತವೆ, ಅವು ಮತ್ತೆ ಬೆಳೆಯುತ್ತವೆ. ಅದಕ್ಕೇ ಔಷಧಿ ದ್ರವ ಬೇಕು.

ಆ ದ್ರವ ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಕೋವಿಡ್ ವರ್ಷ 2020ರಲ್ಲಿ ನಮ್ಮ ಊರುಗಳ ಕಟ್ಟೆ, ಬಾಗಿಲು, ಬಸ್ ನಿಲ್ದಾಣಕ್ಕೆ 1% ದ್ರಾವಣವಾಗಿ ಸಿಂಪಡಿಸಿದ್ದು ಇದನ್ನೇ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರ ಸುಮಾರಿಗೆ, ಹೆನ್ರಿ ಡೇಕಿನ್ ಸೈನಿಕರ ಗಾಯ ತೊಳೆಯಲು 0.5% ಹೈಪೋ ಹದಗೊಳಿಸಿದ. 1919ರಲ್ಲಿ ಕೂಲಿಜ್ ಅದನ್ನು ಹಲ್ಲಿನ ಬೇರಿಗೆ ತಂದ. ನೂರು ವರ್ಷ ದಾಟಿದರೂ ಅದರ ಜಾಗ ಹಿಡಿಯುವ ದ್ರವ ಬಂದಿಲ್ಲ. ಸತ್ತ ತಿರುಳನ್ನು ಕರಗಿಸುವುದು, ಬ್ಯಾಕ್ಟೀರಿಯಾ ಕೊಲ್ಲುವುದು ಎರಡನ್ನೂ ಒಟ್ಟಿಗೆ ಇಷ್ಟು ಚೆನ್ನಾಗಿ ಮಾಡುವುದು ಬೇರೊಂದಿಲ್ಲ. ಫೈಲ್ ಉಜ್ಜಿದಾಗ ಗೋಡೆಗೆ ಮೆತ್ತಿಕೊಳ್ಳುವ 1–2 ಮೈಕ್ರೋಮೀಟರ್ ದಪ್ಪದ ಪುಡಿಯ ಲೇಪವನ್ನು ಮಾತ್ರ ಅದು ತೆಗೆಯಲಾರದು. ಅದಕ್ಕೆ 17% ಇಡಿಟಿಎ ಬೇಕು. ನಾರ್ವೆಯ ನೀಗೋರ್-ಓಸ್ಟ್‌ಬೀ 1957ರಲ್ಲಿ ಬಳಕೆಗೆ ತಂದ ಈ ದ್ರವ ಕ್ಯಾಲ್ಸಿಯಂ ಹಿಡಿದು ಲೇಪ ಬಿಡಿಸುತ್ತದೆ. ಒಂದು ನಿಮಿಷ ಸಾಕು. ಹತ್ತು ನಿಮಿಷ ಬಿಟ್ಟರೆ ಗೋಡೆಯನ್ನೇ ತಿನ್ನುತ್ತದೆ.

ಇಲ್ಲೊಂದು ಪ್ರಮಾಣದ ಮಾತು. 3% ಹೈಪೋದ ಒಂದು ಮಿಲಿಲೀಟರ್‌ನಲ್ಲಿ 30 ಮಿಲಿಗ್ರಾಂ ಔಷಧವಿದೆ. 7.7 ಮೈಕ್ರೋಲೀಟರ್ ನಾಳದಲ್ಲಿ ಒಂದು ಸಲಕ್ಕೆ ನಿಲ್ಲುವುದು 0.23 ಮಿಲಿಗ್ರಾಂ. ಕೊನೆಯ 3 ಮಿ.ಮೀ.ನಲ್ಲಿ 8.4 ಮೈಕ್ರೋಗ್ರಾಂ. ಇಷ್ಟು ಚೂರು ಔಷಧ ಕೊಳೆಯನ್ನು ಮುಟ್ಟಿದ ಕೂಡಲೇ ಖರ್ಚಾಗುತ್ತಾ ಹೋಗುತ್ತದೆ. ಒಮ್ಮೆ ತುಂಬಿ ಹತ್ತು ನಿಮಿಷ ಬಿಡುವುದಕ್ಕಿಂತ, ಮತ್ತೆ ಮತ್ತೆ ಹೊಸದನ್ನು ಹಾಯಿಸುವುದೇ ಮೇಲು. ನಾಳಕ್ಕೆ ಒಂದು ಮಿಲಿಲೀಟರ್ ಹಾಯಿಸಿದರೆ ಲೆಕ್ಕದಲ್ಲಿ 130 ಸಲ ದ್ರವ ಬದಲಾಗಬೇಕು. ಆದರೆ ಅದು ಸೂಜಿಯ ಬಾಯಿಂದ ಮೇಲಿನ ಭಾಗಕ್ಕೆ ಮಾತ್ರ ಅನ್ವಯಿಸುವ ಲೆಕ್ಕ.

ಸೂಜಿ ಎಲ್ಲಿಯವರೆಗೆ ಹೋಗುತ್ತದೆ?

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ, ರಾಯಚೂರು ಜಿಲ್ಲೆಯಲ್ಲಿ, ಗದ್ದೆ ಮಾಡುವವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. ಜಲಾಶಯದಲ್ಲಿ ಎಷ್ಟು ಟಿಎಂಸಿ ಇದೆ ಎಂಬುದು ಬೇರೆ, ತಮ್ಮ ತೂಬಿಗೆ ನೀರು ಬಂತೇ ಎಂಬುದು ಬೇರೆ. ಹಲ್ಲಿನ ಬೇರಿನಲ್ಲೂ ಹಾಗೆಯೇ. ಸಿರಿಂಜಿನಲ್ಲಿ ಎಷ್ಟು ಮಿಲಿಲೀಟರ್ ತುಂಬಿದರು ಎಂಬುದು ಕೊನೆಯ ಮೂರು ಮಿಲಿಮೀಟರ್‌ಗೆ ಏನನ್ನೂ ಹೇಳುವುದಿಲ್ಲ.

24 ಗೇಜ್ ಸೂಜಿಯ ಹೊರ ಅಗಲ 0.57 ಮಿ.ಮೀ., 27 ಗೇಜ್‌ನದು 0.42, 30 ಗೇಜ್‌ನದು 0.31. ನಮ್ಮ ಶಂಕುವಿಗೆ ಇವನ್ನು ಇಳಿಸಿ ನೋಡಿ. 25ರ ತುದಿ, 6% ಟೇಪರ್ ಇರುವ ನಾಳದಲ್ಲಿ 24 ಗೇಜ್ ಸೂಜಿ ತುದಿಗೆ 5.3 ಮಿ.ಮೀ. ಇರುವಾಗಲೇ ಗೋಡೆಗೆ ಸಿಕ್ಕಿಕೊಳ್ಳುತ್ತದೆ. 27 ಗೇಜ್ 2.8 ಮಿ.ಮೀ. ದೂರದಲ್ಲಿ ನಿಲ್ಲುತ್ತದೆ. 30 ಗೇಜ್ 1 ಮಿ.ಮೀ.ವರೆಗೆ ಇಳಿಯುತ್ತದೆ. ಟೇಪರ್ 4% ಇದ್ದರೆ ಇದೇ ಅಂಕಿಗಳು 8, 4.25 ಮತ್ತು 1.5 ಮಿ.ಮೀ. ಇವು ಸೂಜಿ ಬಿಗಿಯಾಗಿ ಸಿಕ್ಕಿಕೊಳ್ಳುವ ಜಾಗ. ಬಿಗಿಯಾದ ಸೂಜಿಯಿಂದ ದ್ರವ ಒತ್ತಲೇಬಾರದು, ಸಡಿಲವಾಗಿ ಆಡುವಷ್ಟು ಮೇಲಕ್ಕೆ ತೆಗೆಯಬೇಕು. ಬೇರು ಬಾಗಿದ್ದರೆ ಇನ್ನೂ ಮೇಲೆ.

ಸೂಜಿಯ ಬಾಯಿಂದ ಆಚೆಗೆ ದ್ರವ ಎಷ್ಟು ದೂರ ಹರಿಯುತ್ತದೆ? ತುದಿ ಮುಚ್ಚಿ ಪಕ್ಕದಲ್ಲಿ ಕಿಂಡಿ ಇರುವ ಸೈಡ್ ವೆಂಟ್ ಸೂಜಿಯಲ್ಲಿ 1ರಿಂದ 1.5 ಮಿ.ಮೀ. ಅಷ್ಟೇ. ತುದಿ ತೆರೆದ ಸೂಜಿಯಲ್ಲಿ ಇನ್ನು ಸ್ವಲ್ಪ ಮುಂದೆ ಹೋಗುತ್ತದೆ, ಆದರೆ ಬೇರಿನ ತುದಿಯ ಮೇಲೆ ಬೀಳುವ ಒತ್ತಡವೂ ಏರುತ್ತದೆ. ಹಾಗಾಗಿ ಅದನ್ನು ತುದಿಗೆ 2–3 ಮಿ.ಮೀ. ಮೇಲೆಯೇ ನಿಲ್ಲಿಸಬೇಕು. ಈಗ ಕೂಡಿಸಿ ನೋಡಿ: 6% ಟೇಪರ್‌ನಲ್ಲಿ 24 ಗೇಜ್ ಸೂಜಿ 5.3 ಮಿ.ಮೀ. ದೂರದಲ್ಲಿ ನಿಂತು 1.5 ಮಿ.ಮೀ. ಮುಂದಕ್ಕೆ ತೊಳೆದರೆ, ಕೊನೆಯ 3.8 ಮಿ.ಮೀ. ಒಣಗಿಯೇ ಉಳಿಯಿತು. ಅಥವಾ ಮೊದಲ ಸಲ ಒಳಗೆ ಹೋದ ಹಳಸಲು ದ್ರವ, ಫೈಲ್ ತಳ್ಳಿದ ಪುಡಿ, ಸಿಕ್ಕಿಕೊಂಡ ಗಾಳಿಗುಳ್ಳೆ ಅಲ್ಲಿ ಕೂತಿರುತ್ತವೆ. ಮೇಲಿಂದ ಎಷ್ಟೇ ಸುರಿದರೂ ಗಾಳಿಗುಳ್ಳೆ ಜಾಗ ಬಿಡುವುದಿಲ್ಲ. 30 ಗೇಜ್ ಸೂಜಿಯಾದರೆ ಹೊಸ ದ್ರವ ತುದಿ ಮುಟ್ಟುತ್ತದೆ.

ಒಂದು ಕಾಲಕ್ಕೆ ಎರಡು ಮಿಲಿಲೀಟರ್ ಸಿರಿಂಜಿನ ಜತೆ ಬಂದ ಇಂಜೆಕ್ಷನ್ ಸೂಜಿಯನ್ನೇ ಬಗ್ಗಿಸಿ ತೊಳೆಯುವುದು ನಮ್ಮಲ್ಲಿ ತೀರಾ ಮಾಮೂಲಿಯಾಗಿತ್ತು. ಈಗಲೂ ಅದು ಪೂರ್ತಿ ಹೋಗಿಲ್ಲ. ಹರಿತ ತುದಿಯ, ಬಾಯಿ ತೆರೆದ, ದಪ್ಪ ಸೂಜಿ: ತೊಳೆಯಲು ಮೂರೂ ತಪ್ಪು ಗುಣ. ಹೈಪೋ ಬೇರಿನ ತುದಿ ದಾಟಿ ಮೂಳೆಗೆ ನುಗ್ಗಿದರೆ ಆ ಕ್ಷಣವೇ ಸಹಿಸಲಾಗದ ಉರಿ, ಕೆನ್ನೆ ಊತ, ಚರ್ಮದ ಕೆಳಗೆ ರಕ್ತ ಕಟ್ಟುವುದು ಎಲ್ಲ ಆಗುತ್ತವೆ. ಅದನ್ನು ಅನುಭವಿಸಿದ ರೋಗಿ ಮತ್ತೆ ಹಲ್ಲಿನ ಕುರ್ಚಿ ಏರಲು ಹೆದರುತ್ತಾರೆ.

ಹಣದ ಲೆಕ್ಕ

ಮುಂದೆ ಬರುವ ದರಗಳು ಲೆಕ್ಕಕ್ಕಾಗಿ ನಾನು ಹಿಡಿದ ದುಂಡು ಅಂಕಿಗಳು. ಊರಿಂದೂರಿಗೆ, ಕಂಪನಿಯಿಂದ ಕಂಪನಿಗೆ ಅವು ಬದಲಾಗುತ್ತವೆ. ಕ್ಲಿನಿಕ್ ನಡೆಸುವವರು ತಮ್ಮ ಬಿಲ್ಲಿನ ಅಂಕಿ ಹಾಕಿಕೊಂಡು ಮತ್ತೆ ಕೂಡಿಸಬಹುದು. ಹೈಪೋ 3% ಅರ್ಧ ಲೀಟರ್ ಬಾಟಲಿಗೆ ₹150. ಇಡಿಟಿಎ ದ್ರವ 100 ಮಿ.ಲೀ.ಗೆ ₹300. ಸಲೈನ್, ಅಂದರೆ ಉಪ್ಪುನೀರು, ಅರ್ಧ ಲೀಟರ್‌ಗೆ ₹40. ಐದು ಮಿ.ಲೀ. ಸಿರಿಂಜು ₹6. 30 ಗೇಜ್ ಸೈಡ್ ವೆಂಟ್ ಸೂಜಿ ₹25. ಕುರ್ಚಿಯ ಒಂದು ನಿಮಿಷಕ್ಕೆ, ಅಂದರೆ ಬಾಡಿಗೆ, ವಿದ್ಯುತ್ತು, ಸಹಾಯಕರ ಸಂಬಳ ಸೇರಿ, ₹10.

ನಾಲ್ಕು ನಾಳದ ದವಡೆ ಹಲ್ಲು. ನಾಳಕ್ಕೆ 10 ಮಿ.ಲೀ.ನಂತೆ 40 ಮಿ.ಲೀ. ಹೈಪೋ: ₹12. ನಾಳಕ್ಕೆ 3 ಮಿ.ಲೀ.ನಂತೆ 12 ಮಿ.ಲೀ. ಇಡಿಟಿಎ: ₹36. ನಡುನಡುವೆ 20 ಮಿ.ಲೀ. ಸಲೈನ್: ₹1.60. ಮೂರು ದ್ರವಕ್ಕೆ ಮೂರು ಸಿರಿಂಜು: ₹18. ಎರಡು ಸೈಡ್ ವೆಂಟ್ ಸೂಜಿ: ₹50. ಒಟ್ಟು ₹117.60, ₹118 ಎನ್ನೋಣ. ನಿಧಾನವಾಗಿ, ನಿಮಿಷಕ್ಕೆ 4 ಮಿ.ಲೀ.ನಂತೆ ಒತ್ತಿದರೆ ಹೈಪೋಗೆ 10 ನಿಮಿಷ, ಇಡಿಟಿಎಗೆ 3, ಸಲೈನ್‌ಗೆ 5; ಒಟ್ಟು 18 ನಿಮಿಷ, ಕುರ್ಚಿಯ ಬಾಬ್ತು ₹180. ಎರಡೂ ಸೇರಿ ₹298.

ಈ ₹298ರಲ್ಲಿ ಹೈಪೋದ ಪಾಲು ₹12, ನೂರಕ್ಕೆ ನಾಲ್ಕು. ಸಲೈನ್ ಬಿಟ್ಟರೆ ಕೆಲಸದ ಮುಖ್ಯ ಔಷಧವೇ ಎಲ್ಲಕ್ಕಿಂತ ಅಗ್ಗ. ಹಾಗಾದರೆ ಎಷ್ಟೋ ಕಡೆ ಹೈಪೋ ಕಡಿಮೆ ಬಳಸುವುದೇಕೆ? 40 ಮಿ.ಲೀ. ಬದಲು 10 ಮಿ.ಲೀ.ಗೆ ಮುಗಿಸಿದರೆ ದ್ರವದಲ್ಲಿ ಉಳಿಯುವುದು ₹9. ಹೊತ್ತಿನಲ್ಲಿ ಉಳಿಯುವುದು ಏಳೂವರೆ ನಿಮಿಷ, ₹75. ಕೈ ಕಟ್ಟಿಹಾಕುವುದು ಗಡಿಯಾರವೇ ಹೊರತು ಬಾಟಲಿಯಲ್ಲ. ಹೊರಗೆ ಆರು ಜನ ಕಾಯುತ್ತಿರುವಾಗ ನಾಲ್ಕನೆಯ ನಾಳಕ್ಕೆ ಮತ್ತೊಂದು ಸಿರಿಂಜು ತುಂಬುವ ತಾಳ್ಮೆ ಕಷ್ಟ. ದಂತ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಒಂದು ಹಲ್ಲಿಗೆ ಅರ್ಧ ದಿನ ತೆಗೆದುಕೊಳ್ಳುತ್ತಾರೆ ಎಂದು ರೋಗಿಗಳು ಬೇಸರಪಡುವುದುಂಟು. ತೊಳೆಯುವ ಮಟ್ಟಿಗೆ ಹೇಳುವುದಾದರೆ ಆ ಅರ್ಧ ದಿನ ರೋಗಿಗೇ ಲಾಭ.

ವರ್ಷಕ್ಕೆ 300 ರೂಟ್ ಕೆನಾಲ್ ಮಾಡುವ ಕ್ಲಿನಿಕ್ಕಿಗೆ ಇದನ್ನು ಹಿಗ್ಗಿಸಿದರೆ ಹೈಪೋ 12 ಲೀಟರ್, 24 ಬಾಟಲಿ, ₹3,600. ಇಡಿಟಿಎ 36 ಬಾಟಲಿ, ₹10,800. ಸೈಡ್ ವೆಂಟ್ ಸೂಜಿ 600, ₹15,000. ಹೊತ್ತು 90 ಗಂಟೆ, ₹54,000. ಸೂಜಿಯ ₹15,000 ಉಳಿಸಲು ಹೋಗಿ ದಪ್ಪ ಸೂಜಿ ಹಿಡಿದರೆ ಉಳಿದೆಲ್ಲ ಖರ್ಚೂ ನಾಳದ ಮೇಲ್ಭಾಗ ತೊಳೆಯಲು ಮಾತ್ರ ಹೋದಂತೆ. ಇಡೀ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಕಿ ಇದೇ.

ಹೈಪೋವನ್ನು ಇನ್ನೂ ಗಟ್ಟಿ ಮಾಡಿದರೆ ಹೊತ್ತು ಉಳಿದೀತೇ? 2010ರಲ್ಲಿ ಝೌ ಮತ್ತು ಸಂಗಡಿಗರು ಹೈಪೋ ಗೋಡೆಯ ಸೂಕ್ಷ್ಮ ಕೊಳವೆಗಳೊಳಗೆ ಎಷ್ಟು ಆಳ ಇಳಿಯುತ್ತದೆ ಎಂದು ಅಳೆದರು. 1% ದ್ರಾವಣ ಕೋಣೆಯ ಬಿಸಿಯಲ್ಲಿ 2 ನಿಮಿಷಕ್ಕೆ ಇಳಿದದ್ದು 77 ಮೈಕ್ರೋಮೀಟರ್. 6% ದ್ರಾವಣ 45 ಡಿಗ್ರಿಯಲ್ಲಿ 20 ನಿಮಿಷಕ್ಕೆ 300 ಮೈಕ್ರೋಮೀಟರ್. ಆರು ಪಟ್ಟು ಗಟ್ಟಿ, ಹತ್ತು ಪಟ್ಟು ಹೊತ್ತು, ಮೇಲೆ ಬಿಸಿ. ಸಿಕ್ಕ ಆಳ ನಾಲ್ಕು ಪಟ್ಟಿಗೂ ತುಸು ಕಡಿಮೆ. ಹರಿಯಾಣದ ರೋಹ್ಟಕ್‌ನಲ್ಲಿ ಕೆಳದವಡೆ ಹಲ್ಲುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷದ ನಂತರ 1% ಹೈಪೋ ಗುಂಪಿನಲ್ಲಿ 72%, 5% ಗುಂಪಿನಲ್ಲಿ 81% ಹಲ್ಲುಗಳು ಗುಣವಾಗಿದ್ದವು. ನೋಡಲು ಒಂಬತ್ತು ಅಂಕದ ಅಂತರ. ಸಂಖ್ಯಾಶಾಸ್ತ್ರದ ಅಳತೆಗೆ ಅದು ಖಚಿತ ಅಂತರ ಎನಿಸಲಿಲ್ಲ. ಗಟ್ಟಿ ಮಾಡಿದಷ್ಟೂ ತುದಿ ದಾಟಿದರೆ ಸುಡುವ ಅಪಾಯವೂ ಹೆಚ್ಚು. 3%ರ ಆಸುಪಾಸಿನಲ್ಲಿ ನಿಂತು ಹೆಚ್ಚು ಸಲ ಬದಲಿಸುವುದು ನನಗೆ ಸರಿ ಕಾಣುತ್ತದೆ.

ಬಿಸಿ ಮಾಡುವುದರಲ್ಲಿ ಒಂದಿಷ್ಟು ಹುರುಳಿದೆ. 2005ರ ಪ್ರಯೋಗವೊಂದರಲ್ಲಿ 45 ಡಿಗ್ರಿಗೆ ಕಾಯಿಸಿದ 1% ಹೈಪೋ, 20 ಡಿಗ್ರಿಯ 5.25% ಹೈಪೋದಷ್ಟೇ ಚೆನ್ನಾಗಿ ತಿರುಳು ಕರಗಿಸಿತು. ಆದರೆ ನಾಳದೊಳಗೆ ಬಿಟ್ಟ 7.7 ಮೈಕ್ರೋಲೀಟರ್ ದ್ರವ ಸುತ್ತಲಿನ ಹಲ್ಲು ಮೂಳೆಯ ಬಿಸಿಗೆ ಬೇಗ ಇಳಿದುಬಿಡುತ್ತದೆ. ಬಾಟಲಿಯನ್ನೇ ಕಾಯಿಸಿಡುವುದಂತೂ ನಷ್ಟ. ಬಿಸಿ, ಬೆಳಕು ಎರಡೂ ಹೈಪೋದ ಬಲ ಕಳೆಯುತ್ತವೆ. ತೆರೆದ ಬಾಟಲಿಯನ್ನು ಕಿಟಕಿಯ ಬಿಸಿಲಿನಲ್ಲಿಟ್ಟ ಕ್ಲಿನಿಕ್ಕಿನಲ್ಲಿ ಲೇಬಲ್ಲಿನ ಮೇಲೆ 3% ಎಂದಿರುತ್ತದೆ, ಒಳಗೆ ಅಷ್ಟು ಇರುವುದಿಲ್ಲ.

ಹಣ ಪೋಲಾಗುವ ಮತ್ತೊಂದು ದಾರಿ ಬೆರಕೆ. ಇಡಿಟಿಎ ಹೈಪೋಗೆ ಸೇರಿದರೆ ಕೆಲವೇ ನಿಮಿಷದಲ್ಲಿ ಅದರ ಕ್ಲೋರಿನ್ ಬಲ ಹೋಗುತ್ತದೆ. ಕ್ಲೋರ್‌ಹೆಕ್ಸಿಡಿನ್ ಎಂಬ ಮತ್ತೊಂದು ತೊಳೆಯುವ ದ್ರವ ಸೇರಿದರೆ ಕಂದು ಗಸಿ ಕಟ್ಟಿ ಗೋಡೆಗೆ ಅಂಟುತ್ತದೆ. ತಡೆಯುವ ಖರ್ಚು ಸಲೈನ್‌ನ ₹1.60 ಮಾತ್ರ. ಸಿರಿಂಜುಗಳ ಮೇಲೆ ಬಣ್ಣದ ಪಟ್ಟಿ ಅಂಟಿಸುವುದಕ್ಕೆ ಅದೂ ಬೇಡ. ಜೋಮು ಹಿಡಿಸುವ ಔಷಧವೆಂದು ತಿಳಿದು ಹೈಪೋವನ್ನೇ ವಸಡಿಗೆ ಚುಚ್ಚಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನೀರಿನಂತೆಯೇ ಕಾಣುವ ಮೂರು ನಾಲ್ಕು ದ್ರವಗಳು ಒಂದೇ ತಟ್ಟೆಯಲ್ಲಿರುವಾಗ ಗುರುತಿಲ್ಲದ ಸಿರಿಂಜು ಇಡುವುದು ಅಕ್ಷಮ್ಯ.

ಅಲುಗಿಸುವ ಯಂತ್ರಗಳು

ದ್ರವ ತುಂಬಿದ ಮೇಲೆ ಅದನ್ನು ಅಲುಗಿಸಿದರೆ ಗಾಳಿಗುಳ್ಳೆ ಒಡೆದು, ಕವಲು ಸಂದುಗಳಿಗೂ ದ್ರವ ನುಗ್ಗುತ್ತದೆ. ಇದಕ್ಕೆ ಇರುವ ವಿಧಾನಗಳನ್ನು ನಿಮಿಷಕ್ಕೆ ಎಷ್ಟು ಸಲ ಅಲುಗುತ್ತದೆ ಎಂಬ ಒಂದೇ ಮಾನದಲ್ಲಿ ನೋಡೋಣ. ನಾಳ ತುಂಬಲು ಬಳಸುವ, ನಾಳಕ್ಕೆ ಕೂರುವ ರಬ್ಬರಿನಂಥ ಗಟ್ಟಾಪರ್ಚಾ ಕಡ್ಡಿಯನ್ನು ಕೈಯಿಂದ 2–3 ಮಿ.ಮೀ. ಮೇಲೆ ಕೆಳಗೆ ಆಡಿಸುವುದು ನಿಮಿಷಕ್ಕೆ 100 ಸಲ. ಪ್ಲಾಸ್ಟಿಕ್ ತುದಿಯ ಸಾನಿಕ್ ಉಪಕರಣ 10,000 ಸಲ. 6,000 ಹರ್ಟ್ಸ್‌ನ ವೇಗದ ಸಾನಿಕ್ ತುದಿಗಳು 3,60,000 ಸಲ. 25,000ರಿಂದ 30,000 ಹರ್ಟ್ಸ್‌ನ ಅಲ್ಟ್ರಾಸಾನಿಕ್ 15ರಿಂದ 18 ಲಕ್ಷ ಸಲ.

ಕೈಯಿಂದ ಆಡಿಸಲು ಯಂತ್ರವೇ ಬೇಡ. ಕಡ್ಡಿ ₹5ರಂತೆ ನಾಲ್ಕಕ್ಕೆ ₹20, ನಾಳಕ್ಕೆ ಒಂದು ನಿಮಿಷದಂತೆ ₹40, ಹಲ್ಲಿಗೆ ₹60. ಕಡ್ಡಿ ನಾಳಕ್ಕೆ ಸರಿಯಾಗಿ ಕೂರುವುದರಿಂದ ಅದು ಇಳಿದಾಗ ದ್ರವಕ್ಕೆ ತುದಿಯತ್ತ ಹೋಗದೆ ದಾರಿಯಿಲ್ಲ. ಸಾನಿಕ್ ಉಪಕರಣಕ್ಕೆ ₹8,000 ಹಿಡಿದು 1,000 ಹಲ್ಲಿಗೆ ಹಂಚಿದರೆ ₹8, ಒಬ್ಬ ರೋಗಿಗೆ ಒಂದು ತುದಿ ₹100, ಹೊತ್ತು ₹40, ಹಲ್ಲಿಗೆ ₹148. ಅಲ್ಟ್ರಾಸಾನಿಕ್‌ಗೆ ಬೇಕಾದ ಯಂತ್ರ ಹಲ್ಲು ಕ್ಲೀನ್ ಮಾಡುವ ಸ್ಕೇಲರ್ ರೂಪದಲ್ಲಿ ಹೆಚ್ಚಿನ ಕ್ಲಿನಿಕ್ಕುಗಳಲ್ಲಿ ಈಗಾಗಲೇ ಇದೆ. ಅದಕ್ಕೆ ಸಿಕ್ಕಿಸುವ 15ರ ಅಳತೆಯ ಫೈಲ್ ₹250, ಆಟೋಕ್ಲೇವ್ ಮಾಡಿ ಐದು ಹಲ್ಲಿಗೆ ಬಳಸಿದರೆ ₹50. 20 ಸೆಕೆಂಡಿನಂತೆ ಮೂರು ಸಲ, ನಡುವೆ ಹೊಸ ಹೈಪೋ. ನಾಳಕ್ಕೆ ಒಂದು ನಿಮಿಷ, ನಾಲ್ಕಕ್ಕೆ ₹40. ಒಟ್ಟು ₹90. ಫೈಲ್ ಗೋಡೆಗೆ ತಾಗದೆ ನಡುವೆ ತೇಲುವಂತಿರಬೇಕು. ತಾಗಿದರೆ ಕಂಪನ ಸತ್ತುಹೋಗುತ್ತದೆ, ಬಾಗಿದ ಬೇರಿನಲ್ಲಿ ಗೋಡೆಗೆ ಗೀರೂ ಬೀಳುತ್ತದೆ.

ಒತ್ತುವ ಬದಲು ಹೀರುವ ವಿಧಾನವೂ ಇದೆ. ದ್ರವವನ್ನು ಹಲ್ಲಿನ ಬಾಯಿಗೆ ಬಿಡುತ್ತಾ, ತುದಿಯವರೆಗೆ ಇಳಿಸಿದ 0.32 ಮಿ.ಮೀ. ಅಗಲದ, 0.1 ಮಿ.ಮೀ.ನ 12 ರಂಧ್ರಗಳಿರುವ ಸಣ್ಣ ನಳಿಕೆಯಿಂದ ಎಳೆದುಕೊಳ್ಳುವುದು. ಹೈಪೋ ತುದಿ ದಾಟುವ ಭಯ ಇಲ್ಲಿ ಅತಿ ಕಡಿಮೆ. ಆದರೆ ನಳಿಕೆ ಕೂರಬೇಕಾದರೆ ನಾಳವನ್ನು 35ರ ಫೈಲ್‌ವರೆಗೆ ಅಗಲಿಸಬೇಕು. ತೆಳು ಬಾಗುಬೇರಿಗೆ ಅದು ಒಗ್ಗದು.

ಲೇಸರ್‌ನ ಭೌತಶಾಸ್ತ್ರ ಸೊಗಸಾಗಿದೆ. 2,940 ನ್ಯಾನೋಮೀಟರ್‌ನ ಎರ್ಬಿಯಂ-ಯಾಗ್ ಲೇಸರ್ ಒಂದು ಮಿಡಿತಕ್ಕೆ 20 ಮಿಲಿಜೂಲ್‌ನಂತೆ ಸೆಕೆಂಡಿಗೆ 15 ಮಿಡಿತ ಬಿಡುತ್ತದೆ. ಸರಾಸರಿ ಶಕ್ತಿ 0.3 ವ್ಯಾಟ್, ದೇವರ ಮನೆಯ ಅರ್ಧ ವ್ಯಾಟಿನ ಎಲ್‌ಇಡಿ ದೀಪಕ್ಕಿಂತ ಕಡಿಮೆ. ಆದರೆ ಮಿಡಿತದ ಅವಧಿ 50 ಮೈಕ್ರೋಸೆಕೆಂಡ್ ಆದ್ದರಿಂದ ಆ ಕ್ಷಣದ ಶಕ್ತಿ 400 ವ್ಯಾಟ್. ನೀರು ಸಿಡಿದು ಗುಳ್ಳೆಯಾಗಿ ಕುಸಿಯುತ್ತದೆ, ಆ ಅಲೆ ನಾಳದುದ್ದಕ್ಕೂ ಓಡುತ್ತದೆ. ಯಂತ್ರಕ್ಕೆ ₹40 ಲಕ್ಷ ಹಿಡಿಯಿರಿ. ವರ್ಷಕ್ಕೆ 300ರಂತೆ ಐದು ವರ್ಷದಲ್ಲಿ 1,500 ಹಲ್ಲು, ಒಂದಕ್ಕೆ ₹2,667. ಬಡ್ಡಿ, ದುರಸ್ತಿ, ಫೈಬರ್ ತುದಿ ಇದರಲ್ಲಿಲ್ಲ. ವರ್ಷಕ್ಕೆ 1,000 ಹಲ್ಲು ಮಾಡುವ ದೊಡ್ಡ ಆಸ್ಪತ್ರೆಯಾದರೂ ₹800.

ಇಷ್ಟಕ್ಕೂ ರೋಗಿಗೆ ಏನು ಸಿಗುತ್ತದೆ? ಕಿತ್ತ ಹಲ್ಲುಗಳ ಮೇಲಿನ ಪ್ರಯೋಗಗಳಲ್ಲಿ ಅಲುಗಿಸಿದ ನಾಳ ಹೆಚ್ಚು ಶುಚಿಯಾಗಿರುವುದು ಮತ್ತೆ ಮತ್ತೆ ಕಂಡಿದೆ. ಬಾಯೊಳಗಿನ ಹಲ್ಲಿನ ಮಾತು ಬೇರೆ. 2013ರಲ್ಲಿ ಪ್ರಕಟವಾದ ಲಿಯಾಂಗ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಒಂದೇ ಬೇರಿನ ಸೋಂಕಿತ ಹಲ್ಲುಗಳನ್ನು ಎರಡು ಗುಂಪು ಮಾಡಿದರು. 10ರಿಂದ 19 ತಿಂಗಳ ನಂತರ ಅಲ್ಟ್ರಾಸಾನಿಕ್ ಗುಂಪಿನ 41ರಲ್ಲಿ 39 ಹಲ್ಲುಗಳಲ್ಲಿ, ಬರೀ ಸಿರಿಂಜಿನ ಗುಂಪಿನ 43ರಲ್ಲಿ 38 ಹಲ್ಲುಗಳಲ್ಲಿ ಮೂಳೆಯ ಗಾಯ ಮಾಯವಾಗಿತ್ತು ಇಲ್ಲವೇ ಕುಗ್ಗಿತ್ತು. 95.1% ಮತ್ತು 88.4%. ಸೋತವು ಒಂದರಲ್ಲಿ ಎರಡು, ಇನ್ನೊಂದರಲ್ಲಿ ಐದು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಇದನ್ನು ಖಚಿತ ಅಂತರ ಎನ್ನಲಾಗದು ಎಂದು ಸಂಶೋಧಕರೇ ಹೇಳಿದರು.

ಆದರೂ ಆ 6.7 ಅಂಕದ ಅಂತರ ನಿಜವೆಂದೇ ಇಟ್ಟುಕೊಂಡು ನೋಡೋಣ. ಆಗ 15 ಹಲ್ಲಿಗೆ ಅಲ್ಟ್ರಾಸಾನಿಕ್ ಹಿಡಿದರೆ ಒಂದು ಹಲ್ಲು ಹೆಚ್ಚು ಗುಣವಾಗುತ್ತದೆ. ಹಲ್ಲಿಗೆ ₹90ರಂತೆ ಅದರ ಬೆಲೆ ₹1,350. ಸೋತ ಹಲ್ಲನ್ನು ಬಿಚ್ಚಿ ಮತ್ತೆ ಮಾಡುವ ಖರ್ಚು, ಅದಕ್ಕೆ ಕಳೆಯುವ ಕೂಲಿ ದಿನಗಳ ಮುಂದೆ ಇದು ಹಗುರ. ಅಂತರ ಅದರ ಅರ್ಧವೇ ಇದ್ದರೂ ₹2,700, ಆಗಲೂ ಒಪ್ಪಬಹುದು. ಅಷ್ಟೇ ಲಾಭವನ್ನು ಲೇಸರ್‌ಗೂ ಕೊಟ್ಟು ಕೂಡಿಸಿದರೆ ಒಂದು ಹಲ್ಲು ಉಳಿಸಿದ ಬೆಲೆ ₹40,000. ಆ ಹಣದಲ್ಲಿ ಇದೇ ಲೆಕ್ಕದ 1,600 ಸೈಡ್ ವೆಂಟ್ ಸೂಜಿ ಬರುತ್ತವೆ, 800 ಹಲ್ಲಿಗೆ ಸಾಕು. ಲೇಸರ್ ಹೆಸರಿನಲ್ಲಿ ರೋಗಿಯ ಬಿಲ್ಲು ಏರಿಸಲು ಈಗಿರುವ ಅಂಕಿಗಳು ಸಾಲವು ಎಂಬುದು ನನ್ನ ತೀರ್ಮಾನ.

ಖರೀದಿಯ ಕ್ರಮ ನನ್ನ ಲೆಕ್ಕದಲ್ಲಿ ಹೀಗಿದೆ: ಮೊದಲು ಬಾಯಿಗೆ ಹೈಪೋ ಬೀಳದಂತೆ, ಎಂಜಲು ನಾಳಕ್ಕೆ ಇಳಿಯದಂತೆ ತಡೆಯುವ ರಬ್ಬರ್ ಶೀಟ್, ಅಂದರೆ ರಬ್ಬರ್ ಡ್ಯಾಮ್. ಜತೆಗೇ 30 ಗೇಜ್ ಸೂಜಿ. ಆಮೇಲೆ ಕುರ್ಚಿಯ ಹೊತ್ತು. ಇವು ಪೂರ್ತಿಯಾದ ಮೇಲೆ ಅಲ್ಟ್ರಾಸಾನಿಕ್ ಫೈಲ್. ಅದು ಇಲ್ಲದ ಕಡೆ ಕೈಯಲ್ಲಿ ಕಡ್ಡಿ ಆಡಿಸುವುದು. ಉಳಿದವು ಆಮೇಲಿನ ಮಾತು.

ಹಲ್ಲು ತೋರಿಸಲು ಹೋಗುವವರು ಯಂತ್ರದ ಹೆಸರು ಕೇಳುವ ಬದಲು ಇಷ್ಟು ಕೇಳಿ: "ಡಾಕ್ಟ್ರೇ, ರಬ್ಬರ್ ಶೀಟ್ ಹಾಕ್ತೀರಾ? ತೊಳೆಯೋ ಸೂಜಿ ಬೇರಿನ ತುದಿ ಹತ್ತಿರದವರೆಗೂ ಹೋಗುತ್ತಾ? ಎಷ್ಟು ಹೊತ್ತು ತೊಳೀತೀರಿ?" ದವಡೆ ಹಲ್ಲಿಗೆ ಹದಿನೆಂಟು ನಿಮಿಷ ತೊಳೆಯುತ್ತೇನೆ ಎನ್ನುವ ವೈದ್ಯರು ಸಿಕ್ಕರೆ, ಅವಸರ ಮಾಡದೆ ಆ ಹದಿನೆಂಟು ನಿಮಿಷ ಬಾಯಿ ತೆರೆದುಕೊಂಡಿರಿ.